ಸರಿ, ತಪ್ಪು ಹೇಳಬಾರದ ಮೇಜು

ಜನವರಿಯ ಬೆಳಗು. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಶಾಲೆಯ ಬಾವುಟದ ಹಗ್ಗ ಕಂಬಕ್ಕೆ ಬಡಿಯುತ್ತಲೇ ಇದೆ. ಇನ್ನೂ ಬೆಳಕು ಹರಿದಿಲ್ಲ. ವರ್ನೆಟಾ ಪ್ರೂಯಿಟ್ ಹಿಂಬಾಗಿಲಿನ ಗಾಜನ್ನು ಕೀಲಿಕೈಯಿಂದ ಕುಟ್ಟುತ್ತಾರೆ. ಒಳಗೆ ನೆಲ ಒರೆಸುತ್ತಿದ್ದ ಲಮಾಂಟ್ ಕೋಲು ಗೋಡೆಗೆ ಒರಗಿಸಿ ನಿಧಾನವಾಗಿ ಬರುತ್ತಾನೆ.

"ಬಂದ್ಯಾ ಗಡಿಯಾರದಮ್ಮ? ಮಕ್ಕಳ ಹಾಲಿನ ಗಾಡೀನೇ ಇನ್ನೂ ಬಂದಿಲ್ಲ, ನೀನಾಗ್ಲೇ ಹಾಜರು!"

"ಮೊದ್ಲು ಬಾಗ್ಲು ತೆಗಿಯೋ ಮಾರಾಯ. ಮೂಗು ಉದುರಿ ಬಿದ್ದ ಮೇಲೆ ತಮಾಷೆ ಮಾಡುವೆಯಂತೆ."

ಗಡಿಯಾರದಮ್ಮ ಎಂಬ ಹೆಸರು ಬಂದದ್ದು ಅವರ ಕೊರಳಲ್ಲಿ ತೂಗುವ, ಓಟದ ಪಂದ್ಯದಲ್ಲಿ ಬಳಸುವಂಥ ಗಡಿಯಾರದಿಂದ. ಓಹಾಯೊದ ಪೋರ್ಟ್ ಹಾಲರ್ ಎಂಬ ಈ ಊರಿನಲ್ಲಿ ಅವರನ್ನು ನೋಡದ ಎರಡನೇ ತರಗತಿಯ ಮಗುವಿಲ್ಲ. ಅವರು ಶಿಕ್ಷಕಿಯಲ್ಲ. ಒಂದು ಸಂಶೋಧನಾ ಸಂಸ್ಥೆಯ ಪರವಾಗಿ ಶಾಲೆಯಿಂದ ಶಾಲೆಗೆ ಹೋಗಿ, ಮಕ್ಕಳನ್ನು ಒಬ್ಬೊಬ್ಬರಾಗಿ ಎದುರು ಕೂರಿಸಿಕೊಂಡು, ಓದುವುದು ಎಷ್ಟು ಬಂದಿದೆ ಎಂದು ಅಳೆಯುವವರು. ವರದಿಯಲ್ಲಿ ಅವರ ಹೆಸರು ಇರುವುದಿಲ್ಲ. ಶಾಲೆಯಲ್ಲಿ ಅವರಿಗೆಂದು ಕೋಣೆಯೂ ಇಲ್ಲ. ಕಸಬರಿಕೆಗಳ ಕಪಾಟಿಗೂ ಮಕ್ಕಳು ಮರೆತುಹೋದ ಜಾಕೆಟ್‌ಗಳ ರಾಶಿಗೂ ನಡುವೆ ಒಂದು ಗಿಡ್ಡ ಮೇಜು. ಅರವತ್ತು ದಾಟಿದ ಮೊಣಕಾಲುಗಳನ್ನು ಮಡಚಿ, ಮಕ್ಕಳ ಕುರ್ಚಿಯ ಮೇಲೆ ಅವರು ಕೂರುತ್ತಾರೆ.

ಮೊದಲಿಗೆ ಬರುವವಳು ಮರಿಬೆಲ್. ತುಟಿಯ ಮೇಲೆ ಚಾಕೊಲೇಟ್ ಹಾಲಿನ ಮೀಸೆ. ವರ್ನೆಟಾ ಪದಗಳ ಹಾಳೆ ಮುಂದಿಟ್ಟು ಗಡಿಯಾರ ಒತ್ತುತ್ತಾರೆ. ಹುಡುಗಿ ಒಂದು ಪದ ಓದಿ ತಲೆ ಎತ್ತುತ್ತಾಳೆ.

"ಸರಿನಾ, ಮಿಸ್ ವರ್ನೆಟಾ?"

"ತುಂಬಾ ಕಷ್ಟಪಟ್ಟು ಮಾಡ್ತಿದ್ದೀಯ."

"ಅದಲ್ಲ. ಸರಿನಾ?"

"ತುಂಬಾ ಕಷ್ಟಪಟ್ಟು ಮಾಡ್ತಿದ್ದೀಯ."

ಇದು ಈ ಕೆಲಸದ ಕಟ್ಟಳೆ. ಸರಿ ಎನ್ನಬಾರದು, ತಪ್ಪು ಎನ್ನಬಾರದು. ಹುಬ್ಬು ಏರಿಸಬಾರದು, ತಲೆ ಆಡಿಸಬಾರದು. ಮೂರು ಸೆಕೆಂಡು ಮಗು ಸುಮ್ಮನಿದ್ದರೆ ಮುಂದಿನ ಪದಕ್ಕೆ ಬೆರಳು ಸರಿಸಬೇಕು. ಕೊನೆಯಲ್ಲಿ ಓದಿದ ಮಗುವಿಗೂ ಓದದ ಮಗುವಿಗೂ ಒಂದೇ ಬಗೆಯ ನಕ್ಷತ್ರದ ಚೀಟಿ ಅಂಟಿಸಿ ಕಳಿಸಬೇಕು.

ಮುಂದಿನ ಪದ 'ಶಿಪ್'. ಮರಿಬೆಲ್‌ಗೆ ತಿಳಿಯುವುದಿಲ್ಲ. ವರ್ನೆಟಾ ಬೆರಳು ಸರಿಸುವಷ್ಟರಲ್ಲಿ ಹುಡುಗಿ ಬಲಗೈಯನ್ನು ಎಡಭುಜಕ್ಕೆ ತಟ್ಟಿ 'ಶ್' ಎನ್ನುತ್ತಾಳೆ. ಮೊಣಕೈಗೆ ತಟ್ಟಿ 'ಇ'. ಮಣಿಕಟ್ಟಿಗೆ ತಟ್ಟಿ 'ಪ್'. ಆಮೇಲೆ ಭುಜದಿಂದ ಮಣಿಕಟ್ಟಿನವರೆಗೆ ಅಂಗೈಯನ್ನು ಜಾರಿಸಿ, "ಶಿಪ್!"

ವರ್ನೆಟಾರ ಪೆನ್ಸಿಲ್ ನಿಂತುಬಿಡುತ್ತದೆ. ತೋಳು ತಟ್ಟುವುದು ಈ ಶಾಲೆಯ ಮಕ್ಕಳಿಗೆ ಗೊತ್ತಿರಕೂಡದು.

ಯಾಕೆ ಗೊತ್ತಿರಕೂಡದು ಎಂದರೆ, ಹಿಂದಿನ ಬೇಸಿಗೆಯಲ್ಲಿ ಊರಿನ ಶಾಲೆಗಳ ಹೆಸರನ್ನು ಹಾಕಿ ಚೀಟಿ ಎತ್ತಿದ್ದರು. ಅರ್ಧ ಶಾಲೆಗಳ ಎರಡನೇ ತರಗತಿಗೆ ತೋಳು ತಟ್ಟಿ ಓದುವ ಹೊಸ ಕ್ರಮ ಬಂತು. ಶಿಕ್ಷಕರಿಗೆ ತರಬೇತಿ, ಬಣ್ಣದ ಅಕ್ಷರದ ಕಾರ್ಡು, ಎಲ್ಲ ಬಂತು. ಉಳಿದರ್ಧಕ್ಕೆ ಬಂದದ್ದು ಒಂದು ಮಾತು: ಈ ವರ್ಷ ಕಾಯಿರಿ, ಮುಂದಿನ ವರ್ಷ ನಿಮ್ಮ ಸರದಿ. ಎರಡೂ ಕಡೆಯ ಮಕ್ಕಳನ್ನು ಒಂದೇ ಅಳತೆಗೋಲಿನಲ್ಲಿ ಅಳೆದರೆ ಹೊಸ ಕ್ರಮಕ್ಕೆ ನಿಜವಾಗಿ ಶಕ್ತಿ ಇದೆಯೋ ಇಲ್ಲವೋ ತಿಳಿಯುತ್ತದೆ. ಮರಿಬೆಲ್‌ಳ ಶಾಲೆ ಕಾಯುವವರ ಸಾಲಿನದು.

ಚೀಟಿ ಎತ್ತುವುದರ ಮೇಲೆ ವರ್ನೆಟಾರಿಗೆ ಸಿಟ್ಟಿಲ್ಲ. "ಪರೀಕ್ಷೆ ಮಾಡದೇ ಮಕ್ಕಳ ತಲೆ ಮೇಲೆ ಏನೇನೋ ಸುರಿದಿದ್ದನ್ನ ನೋಡಿದೀನಿ. ಮಾರೋಕೆ ಬಂದವನ ಕೋಟು ಚೆನ್ನಾಗಿತ್ತು ಅಂತ ಇಡೀ ಊರಿಗೆ ಪುಸ್ತಕ ಕೊಂಡ್ರು. ಚಿತ್ರ ನೋಡಿ ಪದ ಊಹೆ ಮಾಡು ಅಂತ ಹೇಳೋ ಪುಸ್ತಕ. ಆ ಮಕ್ಕಳು ಈಗ ಗೋದಾಮಲ್ಲಿ ಪೆಟ್ಟಿಗೆ ಹೊರ್ತಿದಾರೆ. ಪೆಟ್ಟಿಗೆ ಮೇಲೆ ಏನು ಬರ್ದಿದೆ ಅಂತ ಇವತ್ತಿಗೂ ಊಹೇನೇ ಮಾಡ್ತಾರೆ."

ಶಿಕ್ಷಣ ಸಂಶೋಧನೆಯ ಎಷ್ಟು ಬಗೆಗಳಿವೆಯೋ ಅಷ್ಟರಲ್ಲೂ ಅವರು ಕೂಲಿ ಮಾಡಿದ್ದಾರೆ. ಮೊದಲು ಸಮೀಕ್ಷೆ. 'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗಿನ ಖಾಲಿ ಸೊನ್ನೆಗಳಲ್ಲಿ ಒಂದೊಂದನ್ನು ಪೆನ್ಸಿಲಿನಿಂದ ತುಂಬಲು ಹೇಳಿದರೆ ಮಕ್ಕಳು ಹಾವಿನ ಚಿತ್ರ ಬರುವಂತೆ ತುಂಬಿ ಕೊಡುತ್ತಿದ್ದರು. ಆ ಹಾವುಗಳಿಗೂ ಸರಾಸರಿ ತೆಗೆದು ಪುಸ್ತಕದಲ್ಲಿ ಅಚ್ಚು ಹಾಕಿದರು. ಆಮೇಲೆ ಅವಲೋಕನ. ಕಿವಿಗೆ ಹಾಕಿದ ಇಯರ್‌ಫೋನಿನಲ್ಲಿ ಪೀಪ್ ಸದ್ದು ಬಂದಾಗಲೆಲ್ಲ ತಲೆ ಎತ್ತಿ, ಮಗು ಏನು ಮಾಡುತ್ತಿದೆಯೋ ಅದಕ್ಕೊಂದು ಗುರುತು ಹಾಕುವ ಕೆಲಸ. ಲೆಕ್ಕ ಯೋಚಿಸುತ್ತಾ ಕಿಟಕಿ ನೋಡಿದ ಮಗುವಿಗೆ 'ಗಮನ ಇಲ್ಲ'. ಕಣ್ಣು ತೆರೆದುಕೊಂಡೇ ನಿದ್ದೆ ಹೋದ ಮಗುವಿಗೆ 'ಗಮನ ಇದೆ'. ಆಮೇಲೆ ಸಂದರ್ಶನಗಳ ಧ್ವನಿ ಕೇಳಿ ಬರಹಕ್ಕಿಳಿಸುವುದು.

"ಒಬ್ಬ ಮೇಷ್ಟ್ರು ಅತ್ತುಬಿಟ್ರು. ಎಷ್ಟೊತ್ತು ಅತ್ರು ಗೊತ್ತಾ? ನಾನು ಕೂತು ಕೇಳ್ದೆ. ಬರೀಬೇಕಾದಾಗ ನಿಯಮ ಏನು? 'ವಿರಾಮ' ಅಂತ ಬರೀಬೇಕು. ಅಷ್ಟೆ. ವಿರಾಮ!" ಮೇಜಿನ ಮೇಲೆ ಅಂಗೈ ಬಡಿಯುತ್ತಾರೆ. ಲಮಾಂಟ್ ದೂರದಿಂದ ಇಣುಕುತ್ತಾನೆ. "ಏನೂ ಇಲ್ಲಪ್ಪ, ನಿನ್ನ ನೆಲ ನೀನು ಒರೆಸು."

ಅಂದು ಮರಿಬೆಲ್ ಒಬ್ಬಳೇ ಆಗಿದ್ದರೆ ಬಿಟ್ಟುಬಿಡಬಹುದಿತ್ತೇನೋ. ಅವಳ ಹಿಂದೆ ಬಂದ ಹುಡುಗನೂ ಭುಜ ತಟ್ಟಿದ. ಅವನ ಹಿಂದೆ ಬಂದವಳೂ ತಟ್ಟಿದಳು. ವರ್ನೆಟಾ ಎದ್ದು ತರಗತಿಯ ಬಾಗಿಲಿಗೆ ಹೋದರು. ಒಳಗೆ ಶಿಕ್ಷಕಿ ರೋಂಡಾ ಕೊವಾಚ್. ಗೋಡೆಯ ಮೇಲೆ ಕಾರ್ನ್ ಫ್ಲೇಕ್ಸ್ ಡಬ್ಬಿ ಕತ್ತರಿಸಿ ಮಾಡಿದ ಅಕ್ಷರದ ಕಾರ್ಡುಗಳ ಸಾಲು.

"ಇದನ್ನ ಯಾರು ಹೇಳ್ಕೊಟ್ರು ಮಿಸ್ ಕೊವಾಚ್?"

"ನನಗಾ? ಮರಿಬೆಲ್. ಅವಳಿಗೆ ಎದುರು ಮನೇಲಿರೋ ಅವಳ ಚಿಕ್ಕಮ್ಮನ ಮಗಳು. ಆ ಹುಡುಗಿ ಚೀಟಿ ಬಿದ್ದ ಶಾಲೆಗೆ ಹೋಗ್ತಾಳೆ. ನಿಮ್ಮ ಚೀಟಿ ನಮ್ಮ ಬೀದಿ ನಡುವೆ ಗೆರೆ ಎಳೀತು, ಮಕ್ಕಳು ದಾಟ್ಬಿಟ್ರು."

"ನೀವು ಕಾಯಬೇಕಿತ್ತಲ್ಲ."

"ಕಾದ್ರೆ ಯಾರಿಗೆ ಸಿಗುತ್ತೆ? ಮುಂದಿನ ವರ್ಷದ ಎರಡನೇ ಕ್ಲಾಸಿಗೆ. ಇವರು ಅಷ್ಟೊತ್ತಿಗೆ ಮೂರನೇ ಕ್ಲಾಸು. ಇವರ ಸರದಿ ಅಂತ ಯಾವುದೂ ಇಲ್ಲ, ಮಿಸ್ ಪ್ರೂಯಿಟ್. ನೀವು ಯಾರೂ ಅದನ್ನ ಯೋಚ್ನೆ ಮಾಡ್ಲಿಲ್ಲ. ಹೋಗಿ, ಬರ್ಕೊಳ್ಳಿ. ನನ್ನ ಹೆಸರನ್ನ ಮಾತ್ರ ತಪ್ಪು ಬರೀಬೇಡಿ."

ಕೊವಾಚ್ ಒಂದನ್ನು ಮಾಡಿ ನೋಡಿದ್ದರು, ಫಲ ಕಂಡಾಗ ಮುಂದುವರಿಸಿದ್ದರು, ಎಡವಿದಲ್ಲಿ ತಿದ್ದಿದ್ದರು. ಶಿಕ್ಷಕರ ತರಬೇತಿಯ ಪುಸ್ತಕಗಳಲ್ಲಿ ಇದಕ್ಕೂ ಒಂದು ಹೆಸರಿದೆ, ಕ್ರಿಯಾ ಸಂಶೋಧನೆ. ಅದರ ಬಗ್ಗೆ ಒಂದು ಅಧ್ಯಾಯವೇ ಇರುತ್ತದೆ. ದೊಡ್ಡ ಸಂಸ್ಥೆಯ ಪ್ರಯೋಗದ ನಡುವೆ ಒಬ್ಬ ಶಿಕ್ಷಕಿ ಅದನ್ನು ನಿಜವಾಗಿ ಮಾಡಿದರೆ ಮಾತ್ರ ಹೆಸರು ಬದಲಾಗುತ್ತದೆ. ಸಂಸ್ಥೆಯವರು ಆಗ ಬಳಸುವ ಪದ ಕನ್ನಡದ 'ಮೈಲಿಗೆ'ಗೆ ಬಹಳ ಹತ್ತಿರ.

ವರ್ನೆಟಾ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಕಾಯುವ ಶಾಲೆಯ ಮಕ್ಕಳೂ ಚೆನ್ನಾಗಿ ಓದಿದಂತೆ ಕಾಣುತ್ತದೆ, ಎರಡೂ ಕಡೆ ಅಂತರವಿಲ್ಲ, ಹೊಸ ಕ್ರಮದಿಂದ ಪ್ರಯೋಜನವಿಲ್ಲ ಎಂದು ವರದಿ ಬರುತ್ತದೆ, ಆಗ ಅದು ಯಾವ ಊರಿನ ಮಕ್ಕಳಿಗೂ ಸಿಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಹೇಳಿದರೆ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ.

ಯೋಜನೆಯ ಮುಖ್ಯಸ್ಥ ಡಾಕ್ಟರ್ ಹೇಲ್ಬರ್ಗ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು ಎನ್ನುತ್ತಾರೆ ವರ್ನೆಟಾ. ಎಲ್ಲ ಕೇಳಿ ಆತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡನಂತೆ.

"ಆ ಶಾಲೇನ ಲೆಕ್ಕದಿಂದ ತೆಗೀಲೇಬೇಕು ವರ್ನೆಟಾ. ಮೈಲಿಗೆ ಆದ ಮೇಲೆ ಇಟ್ಕೊಳ್ಳೋ ಹಾಗಿಲ್ಲ."

"ಮಗು ಓದೋಕೆ ಕಲ್ತಿದೆ ಕಣಯ್ಯ. ಅದಕ್ಕೆ ಮೈಲಿಗೆ ಅಂತೀಯಲ್ಲ, ನಾಲಿಗೆ ಹ್ಯಾಗೆ ಹೊರಳುತ್ತೆ ನಿಂಗೆ?"

"ಅದು ಬರೀ ಪದ..."

"ಪದಾನೇ ನಾನು ಅಳೆಯೋದು. ಹೋಗ್ಲಿ, ಮುಂದಿನ ವರ್ಷದ ಸರದಿ? ಅದಾದ್ರೂ ಉಳಿಯುತ್ತಾ?"

ಉಳಿಯಲಿಲ್ಲ. ಕೊಟ್ಟ ಮಾತು ಪ್ರಯೋಗದಲ್ಲಿ ಕೊನೆಯವರೆಗೂ ಇದ್ದ ಶಾಲೆಗಳಿಗೆ ಮಾತ್ರವಂತೆ. ಹೇಲ್ಬರ್ಗ್ ಮೇಲಿನವರಿಗೆ ಬರೆದ, ಮೇಲಿನವರು ವಿಷಾದ ವ್ಯಕ್ತಪಡಿಸಿದರು. ಮಕ್ಕಳು ಕಾಯದೆ ಕಲಿತದ್ದಕ್ಕೆ, ಅವರ ತಮ್ಮ ತಂಗಿಯರಿಗೂ ಇಲ್ಲ ಎಂದಾಯಿತು. ಕಾದಿದ್ದರೆ ಮಕ್ಕಳಿಗೆ ನಷ್ಟ, ಕಾಯದಿದ್ದರೆ ಶಾಲೆಗೆ ಶಿಕ್ಷೆ. ಎರಡರಲ್ಲೂ ಸಂಸ್ಥೆಗೆ ಒಂದು ಪುಟ ಜಾಸ್ತಿ. ಬೇಸಿಗೆಯಲ್ಲಿ ಬರಲಿರುವ ವರದಿಯ ಕರಡಿನಲ್ಲಿ ಕೊವಾಚ್‌ರ ತರಗತಿಗೆ ಪುಟದ ಅಡಿಯಲ್ಲಿ ಒಂದು ಸಾಲು ಸಿಕ್ಕಿದೆ. ಅಲ್ಲಿ ಶಾಲೆಗೆ ಹೆಸರಿಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ.

"ಕೆಲಸ ಬಿಡಿ ಅಂತಾರೆ ಜನ," ವರ್ನೆಟಾರ ದನಿ ಏರುತ್ತದೆ. "ನಾನ್ಯಾಕೆ ಬಿಡ್ಲಿ? ಅಳತೆ ಸರಿಯಾಗಿ ಮಾಡೋದು ನನ್ನ ಕೆಲಸ, ಸರಿಯಾಗೇ ಮಾಡ್ತೀನಿ. ಅಳೆಸಿಕೊಂಡ ಮಕ್ಕಳಿಗೆ ಕೊಟ್ಟ ಮಾತು ಉಳಿಸ್ಕೊಳ್ಳೋದು ಅವರ ಕೆಲಸ. ಅವರು ಬಿಡ್ಲಿ."

ಈಗ ಏಪ್ರಿಲ್. ಕೆಲಸವಿಲ್ಲದ ಶುಕ್ರವಾರ ಬೆಳಗಿನ ಹೊತ್ತು ವರ್ನೆಟಾ ಅದೇ ಹಿಂಬಾಗಿಲು ಕುಟ್ಟುತ್ತಾರೆ. ಲಮಾಂಟ್ ಅವರ ಕೊರಳು ನೋಡುತ್ತಾನೆ.

"ಗಡಿಯಾರ ಎಲ್ಲಿ, ಗಡಿಯಾರದಮ್ಮ?"

"ಮನೇಲಿದೆ. ಇಲ್ಲಿ ನನಗೆ ಯಾರೂ ಧಣಿ ಇಲ್ಲ. ನೀನೂ ಅಲ್ಲ, ಸರಿ ಆ ಕಡೆ."

ಲೆಕ್ಕದಿಂದ ಹೊರಗೆ ಹಾಕಿದ ಶಾಲೆಗೆ ಲೆಕ್ಕದವರ ಕಟ್ಟಳೆ ತಾಗುವುದಿಲ್ಲ. ತಿಂಡಿ ಮುಗಿಸಿದ ಮಕ್ಕಳನ್ನು ಕೊವಾಚ್ ಇಬ್ಬಿಬ್ಬರಂತೆ ಕಳಿಸುತ್ತಾರೆ. ವರ್ನೆಟಾ ಓದಿಸುತ್ತಾರೆ. ಅವರ ಆಸೆಯೂ ಇಷ್ಟೇ. ಕೆಲಸದಿಂದ ನಿವೃತ್ತಿಯಾಗುವ ಮುಂಚೆ, 'ಸರಿನಾ?' ಎಂದು ತಮ್ಮನ್ನು ಕೇಳಿದ ಮಕ್ಕಳಲ್ಲಿ ಕೈಗೆ ಸಿಕ್ಕಷ್ಟು ಜನಕ್ಕೆ ಉತ್ತರ ಹೇಳಿ ಮುಗಿಸಬೇಕು.

ಈ ಶುಕ್ರವಾರ ಮೊದಲು ಬಂದವಳು ಮರಿಬೆಲ್. ಅವಸರದಲ್ಲಿ ತೋಳು ತಟ್ಟದೆ ಓದುತ್ತಾಳೆ: "ಶಾಪ್." ಅಭ್ಯಾಸಬಲದಿಂದ ತಲೆ ಎತ್ತುತ್ತಾಳೆ. "ಸರಿನಾ?"

"ತಪ್ಪು," ಎನ್ನುತ್ತಾರೆ ವರ್ನೆಟಾ.

ಹುಡುಗಿ ಬಾಯಿ ತೆರೆದು ಅವರನ್ನೇ ನೋಡುತ್ತಾಳೆ. ಆಮೇಲೆ ಭುಜ, ಮೊಣಕೈ, ಮಣಿಕಟ್ಟು. "ಶಿಪ್."

"ಸರಿ."

"ನಿಮಗೆ ಮೊದಲಿಂದಾನೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಅವತ್ತೆಲ್ಲ ಯಾಕೆ ಹೇಳ್ಲಿಲ್ಲ?"

ಮೂರು ಸೆಕೆಂಡು ದಾಟುತ್ತದೆ. ಮರಿಬೆಲ್ ಮುಂದಿನ ಪದಕ್ಕೆ ಬೆರಳು ಸರಿಸುವುದಿಲ್ಲ, ಕಾಯುತ್ತಾಳೆ.