ಹೊಲಿಗೆ ಮುಗಿಯುವ ತನಕ

ವಿಡಿಯೊ ಗೇಮ್ ತಯಾರಿಸುವ ಆ ಕಚೇರಿಯಲ್ಲಿ ಅವರಿಗೆ ಗುದ್ದುಮಾವ ಎಂಬ ಹೆಸರು ಬಂದದ್ದು ಕಸುಬಿನಿಂದ. ಆಟ ಅಂಗಡಿಗೆ ಹೋಗುವ ಮುನ್ನ ಅದರೊಳಗಿನ ಪ್ರತಿ ಗೋಡೆಗೂ ಗುದ್ದಿ, ಎಲ್ಲಾದರೂ ಮನುಷ್ಯಾಕೃತಿ ತೂರಿಹೋಗುತ್ತದೆಯೇ ಎಂದು ನೋಡುವುದು, ಪ್ರತಿ ಬಾಗಿಲನ್ನೂ ತಟ್ಟುವುದು, ತಪ್ಪು ಕಂಡರೆ ವರದಿ ಮಾಡುವುದು. ಮೊಸರಿನಲ್ಲಿ ಕಲ್ಲು ಹುಡುಕಿಯೇ ಸಂಸಾರ ಸಾಗಿಸಿದವರು ಎಂದು ಹೆಂಡತಿ ಹಂಗಿಸಿದರೆ, “ಸಿಗುತ್ತಲ್ಲ ಕಲ್ಲು, ಅದಕ್ಕೇನಂತೀಯ?” ಎನ್ನುತ್ತಿದ್ದರು.

ಯಾವ ಆಟವನ್ನು ಕಲೆ ಎನ್ನಬಹುದು ಎಂಬ ಚರ್ಚೆ ಕಾಫಿ ಯಂತ್ರದ ಬಳಿ ಆಗಾಗ ಏಳುತ್ತಿತ್ತು. ಆಕಾಶಕ್ಕೆ ಬಣ್ಣ ಬಳಿದಂತಿರುವ ಆಟವೇ ಕಲೆ ಎಂದು ಒಬ್ಬರು, ಆಡುವವರನ್ನು ಅಳಿಸುವ ಆಟವೇ ಕಲೆ ಎಂದು ಇನ್ನೊಬ್ಬರು. ಗುದ್ದುಮಾವ ಲೋಟ ತೊಳೆಯುತ್ತಲೇ ತೀರ್ಪು ಕೊಡುತ್ತಿದ್ದರು: “ಕುರ್ಚಿ ಕುಂಟದಿದ್ರೆ ಸಾಕಪ್ಪ. ಆಮೇಲೆ ಕಲೆ ಅನ್ನಿ, ಕತ್ತೆ ಅನ್ನಿ.”

ಆ ಗುಂಪಿನಲ್ಲಿ ನಗದೆ ಇರುತ್ತಿದ್ದವಳು ಒಬ್ಬಳೇ. ಆಟಗಳಿಗೆ ಚಿತ್ರ ಬರೆಯುತ್ತಿದ್ದ, ಎಲ್ಲರೂ ಮೌನಮ್ಮ ಎಂದು ಕರೆಯುತ್ತಿದ್ದ ಹೆಂಗಸು. ಅವಳು ಹಟ ಹಿಡಿದು ತಾನೇ ರೂಪಿಸಿದ ಪುಟ್ಟ ಆಟವೊಂದು ಗುದ್ದುಮಾವನ ಮೇಜಿಗೆ ಬಂತು. ಜಗಳವಾಡಿ ಮನೆ ಬಿಟ್ಟ ಮಗಳು ಬಹಳ ಕಾಲದ ಮೇಲೆ ಮರಳಿ ಬಂದು ಬಾಗಿಲು ತಟ್ಟುತ್ತಾಳೆ. ಕಿಟಕಿಯಲ್ಲಿ ಕಾಣುವಂತೆ, ಒಳಗೆ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ. ಆಡುವವರೇ ಆ ಮಗಳ ಪಾತ್ರ.

ಗುದ್ದುಮಾವ ತಟ್ಟಿದರು. ತಾಯಿ ಹೊಲಿಯುತ್ತಲೇ ಇದ್ದಳು. ಪರೀಕ್ಷಕರ ರೂಢಿಯಂತೆ ಅವರು ತಟ್ಟುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು; ಒತ್ತಿದಷ್ಟು ಸಲವೂ ತಾಯಿ ಬಟ್ಟೆಯನ್ನು ಹಿಂದಕ್ಕೆಳೆದು ಮೊದಲಿನಿಂದ ಹೊಲಿಗೆ ಶುರುಮಾಡಿದಳು. ಆಟ ಸಿಕ್ಕಿಹಾಕಿಕೊಂಡಿದೆ, ಬಾಗಿಲು ತೆರೆಯುವುದಿಲ್ಲ ಎಂದು ವರದಿ ಮಾಡಿದರು. ಅತಿ ಗಂಭೀರ ದೋಷ.

ಸಭೆಯಲ್ಲಿ ಮೌನಮ್ಮ ಒಂದೇ ಮಾತು ಆಡಿದಳು: “ಸ್ವಲ್ಪ ಕಾದು ನೋಡಬಹುದಿತ್ತು, ಮಾವ.”

“ಕಾದ್ರೆ ತೆರೆಯೋ ಬಾಗಿಲಾದ್ರೆ ತಟ್ಟೋದು ಯಾಕಮ್ಮ?”

ಎಲ್ಲರೂ ನಕ್ಕರು. ಗುದ್ದುಮಾವನ ವರದಿ ಎಂದೂ ಸುಳ್ಳಾಗಿರಲಿಲ್ಲವಾದ್ದರಿಂದ, ಎತ್ತು ಈಯಿತು ಎಂದು ಅವರು ಅಂದಿದ್ದರೂ ಕಚೇರಿಯ ಮುಖ್ಯಸ್ಥ ಕರುವಿಗೆ ಹಗ್ಗ ತರಲು ಹೊರಡುತ್ತಿದ್ದ. ಮೌನಮ್ಮ ತನ್ನ ಕೈಯಾರೆ ತಿದ್ದಿದಳು: ಒಂದು ಸಲ ತಟ್ಟಿದರೆ ತಾಯಿ ಥಟ್ಟನೆ ಎದ್ದು ಬಾಗಿಲು ತೆರೆಯುತ್ತಾಳೆ. ಆಟ ಅಂಗಡಿ ಸೇರಿತು. ಕೆಲವರು ಕೊಂಡರು, ಮರೆತರು. ಅವಳು ಕೆಲಸ ಬಿಟ್ಟು ಹೋದಳು.

ಮುಂದೊಮ್ಮೆ, ಆಟಗಳನ್ನೂ ಕಲಾಕೃತಿಗಳೆಂದು ಕಾಪಿಡಲು ಹೊರಟ ವಸ್ತುಸಂಗ್ರಹಾಲಯವೊಂದಕ್ಕೆ ಮುಖ್ಯಸ್ಥ ಈ ಆಟವನ್ನೂ ಕಳಿಸಿದ. ಆಯ್ಕೆಯಾಗಲಿಲ್ಲ. ತೀರ್ಪುಗಾರರು ಹೇಳಿದ್ದನ್ನು ಅವನೇ ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದ: ಆಟ ಚೆನ್ನಾಗಿದೆ, ಆದರೆ ಈ ತಾಯಿ ತೀರಾ ಸುಲಭವಾಗಿ ಕ್ಷಮಿಸಿಬಿಡುತ್ತಾಳೆ.

ಗುದ್ದುಮಾವ ಊಟದ ಡಬ್ಬಿ ಮುಚ್ಚಿದರು. ತಾವು ತಟ್ಟಿದಾಗ ಆ ತಾಯಿ ಕ್ಷಮಿಸಿರಲಿಲ್ಲವಲ್ಲ. ತಿದ್ದುವ ಮುಂಚಿನ ಪ್ರತಿ ಅವರ ಯಂತ್ರದಲ್ಲಿ ಇನ್ನೂ ಇತ್ತು. ಮನೆಗೆ ಒಯ್ದು, ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯ ಕೈಗೆ ಆಟ ಆಡಿಸುವ ಕಂಟ್ರೋಲರ್ ಕೊಟ್ಟರು.

“ನಂಗೆಲ್ಲಿ ಬರುತ್ತೆ ರೀ ಇದು?”

“ಬರೋದೇನಿಲ್ಲ, ಬಾಗಿಲು ತಟ್ಟು.”

ಆಕೆ ಒಂದು ಸಲ ತಟ್ಟಿದರು. ತಟ್ಟಿ, ಯಾರದೋ ಮನೆಯ ಮುಂದೆ ನಿಂತವರ ಹಾಗೆ ಸುಮ್ಮನೆ ಕಾದರು. ಗುದ್ದುಮಾವನಿಗೆ ಮೈಯೆಲ್ಲ ಚಡಪಡಿಕೆ. ಒಳಗೆ ಹೊಲಿಗೆ ಅಂಚಿನ ತನಕ ಸಾಗಿತು. ತಾಯಿ ನೂಲು ಕತ್ತರಿಸಿದಳು, ಬಟ್ಟೆ ಮಡಿಸಿದಳು, ಚಕ್ರದ ಮೇಲೆ ಕೈಯಿಟ್ಟು ತುಸು ಹೊತ್ತು ಕೂತಳು. ಆಮೇಲೆ ಎದ್ದು ಬಾಗಿಲು ತೆರೆದು, ಬೆಳಗ್ಗೆ ಹೊರಟವಳು ಸಂಜೆ ಬಂದಿದ್ದಾಳೆ ಎಂಬಂತೆ ಅಂದಳು: “ಚಪ್ಪಲಿ ಹೊರಗೆ ಬಿಡು.”

ಹೆಂಡತಿ ಕಂಟ್ರೋಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಸಿಟ್ಟು ಇಳಿಯೋಕೆ ಅಷ್ಟಾದ್ರೂ ಹೊತ್ತು ಬೇಕಲ್ಲ ಅವಳಿಗೆ,” ಎಂದರು. ಆಮೇಲೆ, “ಅಂಗಡೀಲಿ ಸಿಗೋದರಲ್ಲೂ ಹೀಗೇನಾ?”

“ಇಲ್ಲ. ನಾನು ತೆಗೆಸಿದೆ.”

ಮರುದಿನ ಮುಖ್ಯಸ್ಥನ ಕೋಣೆಗೆ ಹೋಗಿ, ಹಳೆಯ ಪ್ರತಿಯನ್ನು ಸಂಗ್ರಹಾಲಯಕ್ಕೆ ಕಳಿಸಲೇಬೇಕೆಂದು ಪಟ್ಟು ಹಿಡಿದು ಕೂತರು.

“ಬಾಗಿಲು ತೆರೆಯಲ್ಲ ಅಂದವರು ನೀವೇ ತಾನೆ ಮಾವ?”

“ತೆರೆಯುತ್ತೆ. ನನಗೆ ತೆರೀಲಿಲ್ಲ ಅಷ್ಟೆ.”

ಮುಖ್ಯಸ್ಥ ಒಪ್ಪಿದ, ಆದರೆ ಒಂದು ಷರತ್ತು: ಹಳೆಯ ಪ್ರತಿಯಲ್ಲಿ ಅರೆಬರೆ ಉಳಿದದ್ದನ್ನು ಮೌನಮ್ಮನೇ ಬಂದು ಪೂರ್ತಿ ಮಾಡಿಕೊಡಬೇಕು. ಗುದ್ದುಮಾವ ಹಜಾರದಲ್ಲಿ ನಿಂತು ಫೋನ್ ಮಾಡಿದರು. ಅವಳೀಗ ಬಟ್ಟೆ ಒಗೆಯುವ ಯಂತ್ರಗಳ ಕೈಪಿಡಿಗೆ ಚಿತ್ರ ಬರೆಯುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

“ನೋಡಿದ್ರಾ ಕೊನೆಗೆ?”

“ನನ್ನ ಹೆಂಡತಿ ಕಾದಳು. ನಾನು ಪಕ್ಕದಲ್ಲಿದ್ದೆ. ಅಲ್ಲಮ್ಮ, ಸಭೆಯಲ್ಲಿ ಬಿಡಿಸಿ ಹೇಳಬಾರದಿತ್ತಾ?”

“ಕಾಯಿರಿ ಅಂತ ಹೇಳಿ ಕಾಯಿಸಿದ್ರೆ ಅದು ಕಾಯೋದಾ, ಮಾವ?”

“ಈಗಲಾದ್ರೂ ಬನ್ನಿ. ಅದು ಅಲ್ಲಿರಬೇಕಾದ ಆಟ. ನಾನೇ ಹೇಳ್ತಿದ್ದೀನಿ.”

ಆ ಕಡೆ ಪೆನ್ಸಿಲ್ ಕೆಳಗಿಟ್ಟ ಸದ್ದಾಯಿತು. “ಅದನ್ನ ನಮ್ಮಮ್ಮನಿಗೆ ತೋರಿಸೋಕೆ ಅಂತ ಮಾಡಿದ್ದು. ಅಂಗಡಿಗೆ ಬಂದದ್ದನ್ನೇ ತೋರಿಸಿದೆ, ಹಳೇದು ನನ್ನ ಹತ್ರ ಇರಲಿಲ್ಲವಲ್ಲ. ನೋಡಿ ನಕ್ಕರು. ‘ಇವಳ್ಯಾರೇ, ನಾನಂತೂ ಅಲ್ಲ, ನಾನಾಗಿದ್ರೆ ಇಷ್ಟು ಬೇಗ ಏಳ್ತಿದ್ದೆನಾ’ ಅಂದ್ರು. ಈಗ ಅಮ್ಮ ಇಲ್ಲ. ಇನ್ನು ಯಾರು ಇಟ್ಟುಕೊಂಡರೇನು, ಬಿಟ್ಟರೇನು. ಬೇಡ ಬಿಡಿ ಮಾವ.”

ಗುದ್ದುಮಾವ ಮುಂದೆ ಒತ್ತಾಯ ಮಾಡಲಿಲ್ಲ.

ಕಾಫಿ ಯಂತ್ರದ ಬಳಿಯ ಚರ್ಚೆ ಇಂದಿಗೂ ನಿಂತಿಲ್ಲ. ಗುದ್ದುಮಾವ ಅಲ್ಲಿ ಈಗ ತೀರ್ಪು ಕೊಡುವುದಿಲ್ಲ. ಹೊಸ ಆಟ ಮೇಜಿಗೆ ಬಂದರೆ ಬಾಗಿಲನ್ನು ಒಂದೇ ಸಲ ತಟ್ಟಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂರುತ್ತಾರೆ. ಬಾಗಿಲು ಕೂಡಲೇ ತೆರೆದುಕೊಳ್ಳುತ್ತದೆ. ಅಲ್ಲಿಂದೀಚೆಗೆ ಬಂದ ಯಾವ ಆಟದಲ್ಲೂ ಒಂದು ಬಾಗಿಲೂ ಅವರನ್ನು ಕಾಯಿಸಿಲ್ಲ.