ಮುಯ್ಯಾಳಿಗೆ ಕರೆಯದ ಕೈ

ಮೇಜಿನ ಮೇಲೆ ಮರದ ತುಂಡುಗಳು, ಗೋಲಿ, ಎರಡು ಲೋಟ. 'ಇದರ ನೀರು ಅದಕ್ಕೆ ಸುರೀರಿ ಅಮ್ಮ' ಎಂದರು ಫಿಸಿಯೋಥೆರಪಿಸ್ಟ್ ಮೇಘನ. ಕ್ಯಾಲನೂರಿನ ಮುನಿಯಲ್ಲಮ್ಮ ಬಲಗೈಯಲ್ಲಿ ಸುರಿದರು. ಸ್ವಲ್ಪ ಚೆಲ್ಲಿತು.

ಲಕ್ವ ಹೊಡೆದವರ ತೋಳು ಎಷ್ಟು ಆಡುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಹಿಡಿಯುವುದು, ಎತ್ತುವುದು, ಕೈಯನ್ನು ತಲೆಯ ಹಿಂದಕ್ಕೆ ಒಯ್ಯುವುದು, ಪ್ರತಿಯೊಂದಕ್ಕೂ ಅಂಕ. ಬೇಸಿಗೆಯಲ್ಲಿ ಕೋಲಾರದ ಈ ಆಸ್ಪತ್ರೆಗೆ ಮೊದಲ ಸಲ ಬಂದಾಗ ಅವರ ಬೆರಳೇ ಬಿಚ್ಚಿರಲಿಲ್ಲ. ಈಗ ಐವತ್ತೇಳಕ್ಕೆ ನಲವತ್ತೆರಡು.

'ಫಸ್ಟ್ ಕ್ಲಾಸ್ ಅಲ್ವಾ ಮೇಡಂ?' ಎಂದಳು ಸೊಸೆ ರಜನಿ.

'ಚೆನ್ನಾಗಿದೆ. ಆದ್ರೆ ಕೈ ಎಷ್ಟು ಆಡುತ್ತೆ ಅನ್ನೋದಷ್ಟೇ ಇದರಲ್ಲಿ ಗೊತ್ತಾಗೋದು. ಬೆರಳಿಗೆ ಸ್ಪರ್ಶ ಇನ್ನೂ ಬಂದಿಲ್ಲ.'

ರಜನಿ ಅಂಕವನ್ನು ಊರಿಗೆಲ್ಲ ಹೇಳಿದಳು. ಎರಡನೆಯ ಮಾತನ್ನು ಹೇಳಲಿಲ್ಲ.

ಮುನಿಯಲ್ಲಮ್ಮ ಮದುವೆಯಾಗಿ ಬಂದ ವರ್ಷದಿಂದ ರೇಷ್ಮೆ ಹುಳು ಆಯ್ದವರು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಜೇನಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ತಲೆ ಎತ್ತುತ್ತದೆ. ಅದನ್ನು ಹಿಸುಕದೆ ಎತ್ತಿ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು. ತಡ ಮಾಡುವಂತಿಲ್ಲ, ಒಂದು ಮನೆಯವರಿಂದ ಆಗುವ ಕೆಲಸವೂ ಅಲ್ಲ. ಹಾಗಾಗಿ ಮುಯ್ಯಾಳು: ಇವರ ಮನೆಗೆ ಅವರು, ಅವರ ಮನೆಗೆ ಇವರು. ಕೂಲಿಯಿಲ್ಲ, ಕೈಗೆ ಕೈ. ಲಕ್ವ ಹೊಡೆದ ಮೇಲೆ ಮುನಿಯಲ್ಲಮ್ಮನನ್ನು ಯಾರೂ ಕರೆದಿರಲಿಲ್ಲ. ಅವರು ಕಾಯುತ್ತಿದ್ದುದು ಆ ಕರೆಗೇ.

ಅಂಕದ ಸುದ್ದಿ ಕೇಳಿ ಎದುರು ಮನೆಯ ಅನಸೂಯಮ್ಮ ತಮ್ಮ ಹುಳು ಆಯಲು ಕರೆದರು.

'ಏನಕ್ಕಾ, ಆಸ್ಪತ್ರೇಲಿ ಗೋಲಿ ಆಡಿಸ್ತಾರಂತೆ?' ಪಕ್ಕದಲ್ಲಿ ಹುಳು ಆಯುತ್ತಿದ್ದ ಆಶಾರಾಣಿ ಕೇಳಿದಳು.

'ಆಡಿಸ್ತಾರೆ ಕಣೇ. ಗೆದ್ರೂ ಗೋಲಿ ಅವರೇ ಇಟ್ಕೊಂತಾರೆ.'

ಎಲ್ಲರೂ ನಕ್ಕರು.

ಬಲಗೈ ಸರಿಯಾಗಿಯೇ ಚಾಚಿತು. ಬೆರಳು ಬಿಚ್ಚಿತು, ಮುಚ್ಚಿತು. ಎಷ್ಟು ಬಿಗಿಯಾಗಿ ಮುಚ್ಚಿತೆಂದು ಅವರಿಗೆ ತಿಳಿಯಲಿಲ್ಲ. ಹುಳು ಒಡೆದು ರಸ ಪಕ್ಕದ ಹುಳುಗಳ ಮೇಲೆ ಹರಿಯಿತು. ಇನ್ನೊಂದು ಒಡೆಯಿತು. ಮುನಿಯಲ್ಲಮ್ಮ ಬೆರಳನ್ನೇ ನೋಡುತ್ತ ಮತ್ತೊಂದನ್ನು ಎತ್ತಿದರು. ಅದು ಜಾರಿ ನೆಲಕ್ಕೆ ಬಿತ್ತು. ಆಶಾರಾಣಿ ಒಡೆದ ಹುಳುಗಳನ್ನು ಪಕ್ಕಕ್ಕೆ ತೆಗೆದಳು.

ಅನಸೂಯಮ್ಮ ಬಯ್ಯಲಿಲ್ಲ. ಬಟ್ಟೆ ತಂದು ಅವರ ಕೈ ಒರೆಸಿದರು.

'ನೀ ಕೂತ್ಕೋ ಅಕ್ಕಾ. ನಿಂದೇನೂ ಮುಯ್ಯಿ ಬಾಕಿ ಇಲ್ಲ ಬಿಡು.'

'ಎಡಗೈಲಿ ಆಯ್ತೀನಿ.'

'ಬ್ಯಾಡಕ್ಕಾ. ಕಾಫಿ ಕುಡಿ.'

ಮುಂದಿನ ಪರೀಕ್ಷೆಯಲ್ಲಿ ಅಂಕ ಇನ್ನೂ ಸ್ವಲ್ಪ ಏರಿತು. ಮುನಿಯಲ್ಲಮ್ಮ ಎಷ್ಟೆಂದು ಕೇಳಲಿಲ್ಲ. 'ಸ್ಪರ್ಶ ಬರ್ತದಾ ತಾಯಿ?' ಎಂದು ಮಾತ್ರ ಕೇಳಿದರು. ಮೇಘನ ಅವರ ಬೆರಳ ತುದಿಗಳನ್ನು ಒತ್ತಿ ನೋಡಿದರು. 'ಕೆಲವರಿಗೆ ಬರುತ್ತೆ ಅಮ್ಮ. ನಿಮಗೆ ಇಷ್ಟು ದಿನ ಆದ್ರೂ ಬಂದಿಲ್ಲ. ಖಚಿತವಾಗಿ ಹೇಳಕ್ಕಾಗಲ್ಲ.'

ಮುನಿಯಲ್ಲಮ್ಮನ ಮನೆಯ ಹುಳು ಹಣ್ಣಾದ ದಿನ ಹೆಂಗಸರೆಲ್ಲ ಬಂದರು. ಮುನಿಯಲ್ಲಮ್ಮ ಅವರಿಗೆ ಜಾಗ ಬಿಟ್ಟು ಜಗಲಿಯಲ್ಲಿ ಕುಳಿತರು. ಸಂಜೆ ಹೊರಡುವಾಗ ಅನಸೂಯಮ್ಮ ರಜನಿಗೆ, 'ನಮ್ಮ ಮುಂದಿನ ಬೆಳೆಗೆ ನೀನೇ ಬಂದ್ಬಿಡಮ್ಮ' ಎಂದರು. ಜಗಲಿ ದಾಟುವಾಗ ಮುನಿಯಲ್ಲಮ್ಮನಿಗೆ, 'ಬರ್ತೀವಕ್ಕಾ' ಎಂದರು.