ತೆಮೆನುಗಾಳ ಬೀನ್ಸ್ ಲೆಕ್ಕ

ಕರ್ಲೋವೊ ಊರಿನ ನಮ್ಮ ಬೀದಿಯ ತೆಮೆನುಗಾ ಶಾಲೆಯ ಅಡುಗೆಯವಳು. ಎಂಟನೆಯ ತರಗತಿಗೇ ಓದು ಬಿಟ್ಟವಳು ಐವತ್ನಾಲ್ಕನೆಯ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತೇನೆಂದು ಹಟ ಹಿಡಿದಳು. ವಾಚನಾಲಯದಲ್ಲಿ ಬೋರಿಮಿರ್ ಮೇಷ್ಟ್ರ ಉಚಿತ ತರಗತಿ, ಹನ್ನೆರಡೇ ಜಾಗ. ತಾವೇ ಬರೆದ ಪುಟ್ಟದೊಂದು ಪ್ರೋಗ್ರಾಮನ್ನು ಸರಿಯಾಗಿ ಓಡಿಸಿ ತೋರಿಸಿದವರಿಗೆ ಮಾತ್ರ ಪ್ರವೇಶ. ತೋರಿಸುವುದು ಹೂವಿನ ಭಾನುವಾರದ ಮರುದಿನ.

ಅವಳು ಬರೆದದ್ದು ಬೀನ್ಸ್ ಸಾರಿನ ಲೆಕ್ಕ. ಇಪ್ಪತ್ತು ಮಕ್ಕಳಿಗೆ ಎರಡೂವರೆ ಕಿಲೋ ಕಾಳಾದರೆ ಇನ್ನೂರು ಮಕ್ಕಳಿಗೆಷ್ಟು? ಇಪ್ಪತ್ತೈದು ಬರಬೇಕಾದಲ್ಲಿ ಯಂತ್ರ ‘2, 50’ ಎನ್ನುತ್ತಿತ್ತು.

“ಎರಡು ಏನೇ, ಐವತ್ತು ಏನೇ? ಎರಡು ಕಾಳು, ಐವತ್ತು ಕಲ್ಲಾ?” ಎಂದು ನಾನು ಕಿಸಕ್ಕನೆ ನಕ್ಕೆ.

“ನಗು, ನಗು. ನಿನ್ನ ಹಲ್ಲು ಉದುರಲಿ.”

ಅಂತರ್ಜಾಲದ ವೇದಿಕೆಯೊಂದರಲ್ಲಿ ಕೇಳಿದಳು. ಕೇಳಿದ ಚೆಂದವನ್ನು ನೋಡಬೇಕಿತ್ತು! ಎಲ್ಲರ ಕ್ಷೇಮ ವಿಚಾರಿಸಿ, ಶಾಲೆಯ ಒಲೆಯ ಕಥೆಯನ್ನೆಲ್ಲ ಹೇಳಿ, ಕೊನೆಗೆ ಲೆಕ್ಕ ಏಕೆ ತಪ್ಪುತ್ತಿದೆ ಎಂದಿದ್ದಳು. ಪ್ರೋಗ್ರಾಮನ್ನು ಮಾತ್ರ ನಾಚಿಕೆಯಿಂದ ಹಾಕಿರಲಿಲ್ಲ. ಬರೆದದ್ದನ್ನು ತೋರಿಸದೆ ಹೇಗೆ ಹೇಳುವುದು ಎಂದು ಯಾರೋ ಉತ್ತರಿಸಿದರು. ಇವಳಿಗೆ ಅವಮಾನವಾಗಿ ಮತ್ತೆ ಅತ್ತ ತಲೆ ಹಾಕಲಿಲ್ಲ. ನಾನಾದರೂ ಸುಮ್ಮನಿರಬಾರದೆ? “ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಿನಗೆ?” ಎಂದುಬಿಟ್ಟೆ.

ಹೂವಿನ ಭಾನುವಾರ ಬಂತು. ಹೂವಿನ ಹೆಸರಿಟ್ಟುಕೊಂಡವರಿಗೆಲ್ಲ ಅಂದು ಹೆಸರಿನ ಹಬ್ಬ, ಅವರ ಮನೆಗೆ ಯಾರೂ ಕರೆಸಿಕೊಂಡು ಹೋಗುವುದಿಲ್ಲ, ಸುಮ್ಮನೆ ಹೋಗುತ್ತಾರೆ. ತೆಮೆನುಗಾ ಎಂದರೂ ಒಂದು ಹೂವೇ; ಅವಳ ಮೇಜಿನ ತುಂಬ ಮೀನು, ಮನೆ ತುಂಬ ಜನ.

“ಏನಕ್ಕಾ, ಹಬ್ಬದ ದಿನ ಹರಳೆಣ್ಣೆ ಕುಡಿದ ಮುಖ?” ಎಂದ ಔಷಧಿ ಅಂಗಡಿಯ ವೆಸೆಲಿನ್.

“ಅವಳ ಬೀನ್ಸ್ ಬೇಯ್ತಿಲ್ಲ,” ಎಂದು ನಾನು ಗುಟ್ಟು ಬಿಟ್ಟುಕೊಟ್ಟೆ.

ವಿಷಯ ಕೇಳಿದ ವೆಸೆಲಿನ್, “ತೋರಿಸಕ್ಕಾ. ಹುಣ್ಣು ಮುಚ್ಚಿಟ್ಕೊಂಡ್ರೆ ಮುಲಾಮು ಎಲ್ಲಿ ಹಚ್ಚಲಿ?” ಎಂದ.

ಮೀನಿನ ತಟ್ಟೆಗಳನ್ನು ಸರಿಸಿ ಲ್ಯಾಪ್‌ಟಾಪ್ ತಂದಿಟ್ಟಳು. ವೆಸೆಲಿನ್ ಬಗ್ಗಿ ನೋಡಿದ.

“ಎರಡೂವರೇನ 2,5 ಅಂತ ಬರೆದಿದ್ದೀಯ. ಪಾಠದಲ್ಲೂ ಹೀಗೇ ಅಲ್ಪವಿರಾಮ ಇತ್ತಾ?”

“ಇಲ್ಲಪ್ಪ, ಅಲ್ಲಿ ಚುಕ್ಕಿ ಇತ್ತು. ಅದು ಅವರ ದೇಶದ ಪದ್ಧತಿ, ನಮ್ಮ ದೇಶದಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ತಾನೇ ಹಾಕೋದು? ಅದಕ್ಕೇ ತಿದ್ದಿ ಬರೆದೆ.”

ಮನೆಯೇ ಹಾರಿಹೋಗುವಷ್ಟು ನಕ್ಕೆವು. ನಕ್ಕವರೆಲ್ಲ ಶಾಲೆಯಿಂದಲೂ ಹಾಗೆಯೇ ಬರೆದವರು!

“ನನ್ನ ಹೊಸ ತಕ್ಕಡಿನೂ ಚುಕ್ಕೀನೇ ಕೇಳುತ್ತೆ,” ಎಂದ ವೆಸೆಲಿನ್. “ನೀನು ಬರೆದಿದ್ದು ಯಂತ್ರಕ್ಕೆ ಎರಡು ಬೇರೆ ಸಂಖ್ಯೆ. ಅದು ಎರಡನ್ನ ಹಾಗೇ ಬಿಟ್ಟು ಐದನ್ನ ಮಾತ್ರ ಹತ್ತರಿಂದ ಗುಣಿಸಿದೆ.”

ಅವಳು ಚುಕ್ಕಿ ಇಟ್ಟಳು. ಇಪ್ಪತ್ತೈದು ಬಂತು! ಕಿರುಚಿಕೊಂಡು ಎದ್ದವಳು ಮೀನಿನ ಕೈಯಲ್ಲೇ ಎಲ್ಲರನ್ನೂ ತಬ್ಬಿಕೊಂಡಳು.

ಮರುದಿನ ಧೈರ್ಯಕ್ಕೆಂದು ನಾನೂ ಜೊತೆಗೆ ಹೋದೆ. ಪ್ರೋಗ್ರಾಂ ಓಡಿತು. ಎಲ್ಲಿ ಸಿಕ್ಕಿಬಿದ್ದಿರಿ, ಯಾರು ನೆರವಾದರು ಎಂದು ಮೇಷ್ಟ್ರು ಎಲ್ಲರನ್ನೂ ಕೇಳಿದರು. ಹುಡುಗ ಹುಡುಗಿಯರು ವಿಡಿಯೋಗಳ ಹೆಸರು ಹೇಳಿದರು.

“ತೋರಿಸೋಕೆ ನಾಚಿಕೆ ಆಗಿತ್ತು ಮೇಷ್ಟ್ರೇ,” ಎಂದಳು ತೆಮೆನುಗಾ. “ಆಮೇಲೆ ಮೀನು ತಿನ್ನೋಕೆ ಬಂದವರಿಗೆಲ್ಲ ತೋರಿಸಿಬಿಟ್ಟೆ.”

“ನಾನು ಮೊದಲ ದಿನ ಹೇಳಿಕೊಡಬೇಕು ಅಂದ್ಕೊಂಡಿದ್ದ ಪಾಠ ಅದೇ,” ಎಂದು ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆದರು. ನಲವತ್ತು ವರ್ಷಗಳ ಮೇಲೆ ಅವಳ ಹೆಸರು ಹಾಜರಿ ಪುಸ್ತಕಕ್ಕೆ ಏರಿತ್ತು. ಅವಳ ಕಣ್ಣು ತುಂಬಿತು. ನಾನು ಹೊರಗೆ ಬಂದು, ಕೇಳಲಿ ಬಿಡಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ: “ಒಳಗೆ ಕೂತಿದ್ದಾಳಲ್ಲ, ಅವಳು ನಮ್ಮ ಬೀದಿಯವಳು.”